ಪಾಲಿಗೆ ಬಂದ ಗಂಡು

ಸಂಜೀವಪ್ಪ ಚಪ್ಪಲಿ ಬಿಡದೆ ಖಾದರನ ಕೋಣೆಗೆ ನುಗ್ಗಿ, ಗಾಜಿನ ತೊಟ್ಟಿಯತ್ತ ಬೆರಳು ಚಾಚಿದ.

"ನೋಡಿ ಪಾಷಾ ಭಾಯ್, ನನ್ನ ಹೆಣ್ಣು ಮೀನು. ಕದ್ದು ತಂದು ಇಟ್ಕೊಂಡಿದ್ದಾನೆ."

ಖಾದರ್ ಪಕ್ಕದ ಚಿಕ್ಕ ತೊಟ್ಟಿಗೆ ಸುತ್ತಿದ್ದ ಕಪ್ಪು ಬಟ್ಟೆಯನ್ನು ಬಿಗಿಮಾಡಿದ. ಒಳಗೆ ಎಂಟು ದಿನದ ಮರಿಗಳಿದ್ದವು, ರೆಪ್ಪೆಗೂದಲಿನಷ್ಟು ಉದ್ದ. ಈ ವಯಸ್ಸಿನಲ್ಲಿ ತಟ್ಟನೆ ಬೆಳಕು ಬಿದ್ದರೂ ನೀರು ಕುಲುಕಿದರೂ ಸಾಯುತ್ತವೆ. ಹಿಂದಿನ ಐದು ಸಲ ಒಂದು ಮರಿಯೂ ವಾರ ದಾಟಿರಲಿಲ್ಲ.

ಸಂಜೀವಪ್ಪ ಬಕೆಟ್ ತಂದಿದ್ದ. ಹೆಣ್ಣನ್ನೂ ಮರಿಗಳನ್ನೂ ಇವತ್ತೇ ಒಯ್ಯುವವನಿದ್ದ. ನ್ಯಾಯ ಹೇಳಲು ಶಿವಾಜಿನಗರದ ಹಳೆಯ ಸಾಕುಮೀನಿನಂಗಡಿಯ ಅಹ್ಮದ್ ಪಾಷಾರನ್ನು ಹಲಸೂರಿನ ಈ ಗಲ್ಲಿಗೆ ಅವನೇ ಕರೆತಂದಿದ್ದ.

ಜೀವನ್ ಬಿಮಾ ನಗರದ ಸಂಜೀವಪ್ಪನ ಕಾರ್ ಶೆಡ್ಡಿನಲ್ಲಿ ಅವನೂ ಖಾದರನೂ ನಾಲ್ಕು ವರ್ಷ ಬಿಳಿ ಪಟ್ಟಿಯ ಕಡಲ ಮೀನು, ಕ್ಲೌನ್ ಮೀನು ಸಾಕಿದ್ದರು. ಉಪ್ಪು ಬೆರೆಸಿ ಕಡಲಿನ ನೀರು ಮಾಡುವುದು, ಮರಿಗಳಿಗೆ ಕಣ್ಣಿಗೆ ಕಾಣದ ಜೀವಂತ ಆಹಾರ ಬೆಳೆಸುವುದು ಖಾದರನ ಕೆಲಸ. ಬಂದವರಿಗೆ ತೋರಿಸುವುದು ಸಂಜೀವಪ್ಪನ ಕೆಲಸ. ಒಂದೂವರೆ ವರ್ಷದ ಹಿಂದೆ ಜಗಳವಾಗಿ ಬೇರೆಯಾದಾಗ ಇದ್ದ ಒಂದೇ ಜೋಡಿಯನ್ನೂ ಒಡೆದರು. ಮೊಟ್ಟೆಯಿಡುವ ಹೆಣ್ಣು ಸಂಜೀವಪ್ಪನಿಗೆ, ಮೊಟ್ಟೆ ಕಾಯುವ ಗಂಡು ಖಾದರನಿಗೆ. ಖಾದರ್ ಹೆಣ್ಣಿಗಾಗಿ ಕೈಮುಗಿದಿದ್ದ. ಗಂಡನ್ನೇ ಬಸುರಿ ಮಾಡಿಸಿಕೋ ಎಂದು ಸಂಜೀವಪ್ಪ ನಕ್ಕು ಕಳಿಸಿದ್ದ.

ಮೂರು ತಿಂಗಳ ಹಿಂದೆ ಶೆಡ್ಡಿನಿಂದ ಹೆಣ್ಣು ಕಾಣೆಯಾಯಿತು. ಈಗ ಖಾದರನ ಬಳಿ ಮರಿಗಳಿವೆಯೆಂದು ಸುದ್ದಿ.

ಪಾಷಾ ಶೆಡ್ಡಿನ ಬಗ್ಗೆ ವಿಚಾರಿಸಿದರು. ಬೀಗದ ಇನ್ನೊಂದು ಕೀ ಇಂದಿಗೂ ಖಾದರನ ಬಳಿಯಿದೆ ಎಂದ ಸಂಜೀವಪ್ಪ. ಖಾದರ್ ಅಲ್ಲಗಳೆಯಲಿಲ್ಲ. ಮೀನು ಹೊರಕ್ಕೆ ಹಾರಿಬಿಡದಂತೆ ತೊಟ್ಟಿಯ ಮೇಲೆ ಜಾಲರಿ ಇತ್ತೇ ಎಂದು ಪಾಷಾ ಕೇಳಿದರು. ನೋಡಲು ಚೆನ್ನಾಗಿರಲಿಲ್ಲವೆಂದು ತೆಗೆಸಿದ್ದನಂತೆ.

"ಇವನಿಗೆ ನೀವು ಕೊಟ್ಟಿದ್ದು ಯಾವ ಮೀನು?"

"ಸಣ್ಣದು, ಗಂಡು. ಎಡಗಡೆ ಬಿಳಿ ಪಟ್ಟಿ ಮಧ್ಯಕ್ಕೆ ಮುರಿದಿತ್ತು. ಅದು ಅವಂದೇ, ಅದರ ತಂಟೆ ನನಗೆ ಬೇಡ."

"ಇನ್ನೊಂದ್ಸಲ ಹೇಳಿ, ಸಂಜೀವಪ್ಪನವ್ರೇ," ಎಂದ ಖಾದರ್. ಮೊದಲೆಲ್ಲ ಅಣ್ಣ ಎನ್ನುತ್ತಿದ್ದ.

"ನೂರು ಸಲ ಹೇಳ್ತೀನಿ. ಪಟ್ಟಿ ಮುರಿದಿರೋದು ನಿಂದು. ಮೊಟ್ಟೆ ಇಟ್ಟಿದ್ದು ನಂದು."

ಪಾಷಾ ಮಂಡಿಯೂರಿ ಕೂತರು. ಹೆಂಚಿನ ಚೂರಿಗೆ ಅಂಟಿದ್ದ ಹೊಸ ಮೊಟ್ಟೆಗಳಿಗೆ ಸಣ್ಣ ಮೀನೊಂದು ರೆಕ್ಕೆ ಬೀಸುತ್ತಿತ್ತು. ಅದು ತಿರುಗಿತು. ಎರಡೂ ಕಡೆಯ ಪಟ್ಟಿಗಳು ಪೂರ್ತಿಯಾಗಿದ್ದವು.

"ನೋಡಿದ್ರಾ? ಇದು ಬೇರೆ ಗಂಡು. ಕೊಟ್ಟ ಗಂಡನ್ನ ಸಾಯಿಸಿ ನನ್ನ ಹೆಣ್ಣಿಗೆ ಕೈ ಹಾಕಿದ್ದಾನೆ," ಎಂದು ಸಂಜೀವಪ್ಪ ಬಕೆಟ್ ಎತ್ತಿಕೊಂಡ.

ಹೆಂಚಿನ ಹಿಂದಿದ್ದ ದೊಡ್ಡ ಮೀನು ನಿಧಾನವಾಗಿ ಗಾಜಿನ ಹತ್ತಿರ ಬಂದು ಎಡಮೈ ತೋರಿಸಿತು. ಆ ಕಡೆಯ ಬಿಳಿ ಪಟ್ಟಿ ಮಧ್ಯಕ್ಕೆ ಮುರಿದಿತ್ತು. ಪಾಷಾ ಸಂಜೀವಪ್ಪನ ಕೈಯಿಂದ ಬಕೆಟ್ ತೆಗೆದು ಹೊಸ್ತಿಲಾಚೆ ಇಟ್ಟರು.

"ಹೆಣ್ಣು ಇಲ್ದೇ ಹೋದ್ರೆ ಈ ಜಾತೀಲಿ ಗಂಡೇ ಬೆಳೆದು ಹೆಣ್ಣಾಗುತ್ತೆ, ಸಂಜೀವಪ್ಪ. ಮೊಟ್ಟೆ ಇಟ್ಟಿರೋದು ನೀವು ಕೊಟ್ಟ ಗಂಡೇ."