ಹೇಳಿಕೊಡದ ಉತ್ತರ

ನರ್ಸಿಂಗ್ ಕಾಲೇಜಿನಲ್ಲಿ ಮದ್ದಿನ ಪ್ರಮಾಣದ ಲೆಕ್ಕ ಬಾರದವರಿಗೆಲ್ಲ ಅಲ್ಲಿನ ಹಿರಿಯ ಟ್ಯೂಟರೊಬ್ಬರೇ ಗತಿ. ಆದರೆ ಅವರು ಈವರೆಗೆ ಯಾರಿಗೂ ಉತ್ತರ ಹೇಳಿಕೊಟ್ಟವರಲ್ಲ. ಪ್ರಶ್ನೆ ಕೇಳಿ ಸುಮ್ಮನೆ ಕಾಯುವುದೇ ಅವರ ಪಾಠ. ಅದರ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು.

ಒಂದು ಮಧ್ಯಾಹ್ನ ವಿದ್ಯಾರ್ಥಿನಿ ಲವೀನಾ ಯೂನಿಫಾರ್ಮಿನಲ್ಲೇ ಓಡಿಬಂದು, ಔಷಧಿ ಡಬ್ಬಿಯ ಹರಿದ ರಟ್ಟಿನ ಹಿಂದೆ ಬರೆದಿದ್ದ ಲೆಕ್ಕವನ್ನು ಅವರ ಮೇಜಿನ ಮೇಲಿಟ್ಟಳು.

"ಸರ್, ಇದು ಸರಿ ಉಂಟಾ? ಅಷ್ಟು ಮಾತ್ರ ಹೇಳಿ."

ತಪ್ಪು ಅವರಿಗೆ ಒಂದೇ ನೋಟಕ್ಕೆ ಕಂಡಿತು. ಪೆನ್ನನ್ನು ಅವಳ ಕೈಗೇ ಕೊಟ್ಟರು.

"ನೀನೇ ಹೇಳು. ಮಗುವಿನ ತೂಕ ಎಷ್ಟು?"

"ಎಂಟು ಕೆಜಿ. ಸರ್, ಅಲ್ಲಿ ವಾರ್ಡಿನಲ್ಲಿ..."

"ವಾರ್ಡಿನ ಕತೆ ಆಮೇಲೆ. ಒಂದು ಕೆಜಿಗೆ ಎಷ್ಟು ಮದ್ದು?"

ಅವಳ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

"ದಮ್ಮಯ್ಯ ಸರ್, ಹೇಳಿಬಿಡಿ."

"ನಾನು ಹೇಳಿದ್ರೆ ಪರೀಕ್ಷೆ ತನಕ ನೆನಪಿರ್ತದೆ. ನೀನೇ ಹುಡುಕಿದ್ರೆ ಸಾಯುವ ತನಕ ಮರೆಯುವುದಿಲ್ಲ. ಗಡಿಬಿಡಿ ಎಂತಕ್ಕೆ?"

ಅವರು ಕಾದರು. ಅವಳು ಮೊದಲಿನಿಂದ ಮಾಡಿದಳು, ಹೊಡೆದುಹಾಕಿದಳು, ಮತ್ತೆ ಮಾಡಿದಳು. ಹತ್ತು ನಿಮಿಷ ಕಳೆದ ಮೇಲೆ ಪೆನ್ನು ತಟ್ಟನೆ ನಿಂತಿತು.

"ದಶಮಾಂಶದ ಪಾಯಿಂಟ್ ತಪ್ಪು ಜಾಗಕ್ಕೆ ಹಾಕಿದ್ದೇನೆ ಸರ್. ಹತ್ತು ಪಟ್ಟು ಜಾಸ್ತಿ ಆಗಿದೆ."

"ಶಾಭಾಸ್! ನೀನೇ ಹುಡುಕಿದೆ, ನೋಡು! ಯಾವ ಪುಸ್ತಕದ ಲೆಕ್ಕ ಇದು?"

ಅವಳು ಆಗಲೇ ಬಾಗಿಲಿನತ್ತ ಓಡುತ್ತಿದ್ದಳು.

"ಪುಸ್ತಕದ್ದಲ್ಲ ಸರ್. ಮಗುವಿನ ಡ್ರಿಪ್ಪಿಗೆ ಆ ಮದ್ದು ಹಾಕಿಯೇ ನಾನು ಬಂದದ್ದು."