ಶೂಟಿಂಗಿನ ಲೋಟ

ಯಾರು ಹೇಗಿದ್ದರೂ ನಮ್ಮವರೇ ಎನ್ನುವ ಫ್ರೆಂಚ್ ಹಾಡಿನ ಶೂಟಿಂಗು. ಎಲ್ಲ ಬಗೆಯ ಜನ ಊರಿನ ಮನೆಯೊಂದರ ಅಂಗಳದಲ್ಲಿ ಒಟ್ಟಾಗಿ ಮನಸ್ಸಿಗೆ ಬಂದ ಹಾಗೆ ಕುಣಿಯಬೇಕು. ಮನೆಯೊಡತಿ, ಆ ಬೀದಿಯ ಚರಂಡಿ ಬಳಿಯುವ ಓಬಳೇಶನಿಗೆ ತನ್ನ ಲೋಟದಲ್ಲಿ ಕೈಯಾರೆ ನೀರು ಕೊಡಬೇಕು. ಹನ್ನೆರಡು ವರ್ಷ ಆಕೆಯ ಗೇಟಿನಾಚೆ ಬೊಗಸೆಯೊಡ್ಡಿ ಕುಡಿದವನು, ಏಳು ಟೇಕಿಗೆ ಏಳು ಲೋಟ ಕುಡಿದು, ಕುಣಿದು ಹೈರಾಣಾಗಿದ್ದ. ಆದರೂ ಏಳು ಸಲವೂ ಆಕೆ ನಕ್ಕಿದ್ದಳು; ಅವನಿಗೆ ಅಷ್ಟೇ ಸಾಕಾಗಿತ್ತು.

ಪ್ಯಾಕಪ್ ಆಯಿತು. ಅವನು ಲೋಟ ತೊಳೆದು ಬಾಗಿಲಿಗೆ ಹೋದ.

"ತಗೊಳಿ ಅಮ್ಮೋರೇ."

"ನೀನೇ ಇಟ್ಕೊಳಪ್ಪ."

ಅವನ ದಣಿವೆಲ್ಲ ಇಳಿದಂತಾಯಿತು. "ನಿಮ್ ಹೆಸರು ಕೆತ್ತೈತಲ್ಲ ಅಮ್ಮೋರೇ, ನಂಗ್ಯಾಕೆ?"

"ಹೆಸರು ಉಜ್ಜಿ ಅಳಿಸ್ಕೊ. ನೀನು ಬಾಯಿಟ್ಟಿದ್ದನ್ನ ಒಳಗೆ ತಗೊಳ್ಳೋಕಾಗುತ್ತಾ?"