ಗೋಡೆಯ ಮೇಲಿನ ಪಂಕ್ತಿ

ಮತ್ತೆ ಅಳಿಸಿಹೋಗಿತ್ತು. ಈ ಸಲವೂ ಅದೇ ಹೆಂಗಸಿನ ಚಿತ್ರ.

ಮೀರಾಬಾಯಿ ಹಲ್ಲು ಕಚ್ಚಿ ನಿಂತಳು. ಅದು ಬಸವಕಲ್ಯಾಣದ ಹೆಣ್ಣುಮಕ್ಕಳ ಶಾಲೆಯ ಹೊರಗೋಡೆ. ಹುಮನಾಬಾದಿನ ಬಸ್ಸು ಇಳಿದವರಿಗೆ ಮೊದಲು ಕಾಣುವುದೇ ಅದು. ಗೋಡೆಯುದ್ದಕ್ಕೂ ಊಟಕ್ಕೆ ಕುಳಿತ ಜನರ ಚಿತ್ರ. ಬಡಿಸುತ್ತ ನಿಂತ ಹೆಂಗಸಿನ ಜಾಗದಲ್ಲಿ ಮಾತ್ರ ಹಸಿ ಬಿಳಿಮಣ್ಣು. ನೆಲ ಸಾರಿಸಿದ ಹಾಗೆ ನಯವಾಗಿ ಬಳಿದಿತ್ತು.

ಶಿಷ್ಯರೊಡನೆ ಕ್ರಿಸ್ತನ ಕೊನೆಯ ಊಟದ ಆ ಹೆಸರಾಂತ ಚಿತ್ರ ಒಂದು ಹಳೆಯ ಕ್ಯಾಲೆಂಡರಿನಲ್ಲಿತ್ತು. ಡ್ರಾಯಿಂಗ್ ಮಾಸ್ತರ ಅಂಬಾದಾಸರು ಅದನ್ನು ತೋರಿಸಿದ್ದೇ ತಡ, ಮೀರಾಳ ಹತ್ತನೆಯ ತರಗತಿಯ ಹುಡುಗಿಯರು ತಮ್ಮ ಊರನ್ನೇ ಒಂದು ಪಂಕ್ತಿಯಲ್ಲಿ ಕೂರಿಸಿಬಿಟ್ಟಿದ್ದರು. ಕಿರಾಣಿ ಅಂಗಡಿಯ ಚನ್ನಬಸಪ್ಪ, ಪಾತ್ರೆಗೆ ಕಲಾಯಿ ಹಾಕುವ ಅಬ್ದುಲ್ ರಜಾಕ್, ಅವರಿಬ್ಬರ ನಡುವೆ ಚಪ್ಪಲಿ ಹೊಲಿಯುವ ಸಂಗಪ್ಪ. ಯಾರ ಚಿತ್ರವೋ ಅವರೇ ಬಂದು ತಮ್ಮ ಬಟ್ಟೆಗೆ ಬಣ್ಣ ತುಂಬಿಹೋಗಿದ್ದರು. ಬಡಿಸುವವಳು ಮೀರಾಳ ಅವ್ವ ಕಸ್ತೂರಿಬಾಯಿ. ಅವಳಿಗೆ ಪುರಸೊತ್ತೆಲ್ಲಿ? ಆ ಸೀರೆಗೆ ಮಗಳೇ ಬಣ್ಣ ಹಚ್ಚಿದ್ದಳು.

ಇದು ಯಾರ ಕೆಲಸವೆಂದು ಹುಡುಗಿಯರಿಗೆ ಅನುಮಾನವೇ ಇರಲಿಲ್ಲ. ಶಾಲಾ ಸಮಿತಿಯ ಅಧ್ಯಕ್ಷ ಮಹಾರುದ್ರಪ್ಪ ಮೊದಲ ದಿನವೇ ಗುಡುಗಿದ್ದ: "ಆ ಸಂಗಪ್ಪನ್ನ ಪಂಕ್ತಿಯಿಂದ ಎಬ್ಬಸ್ರಿ. ಇಲ್ಲಂದ್ರ ಇಡೀ ಗ್ವಾಡಿಗಿ ಸುಣ್ಣ ಬಳಿಸ್ತೀನಿ."

ಹುಡುಗಿಯರು ಎಬ್ಬಿಸಿರಲಿಲ್ಲ.

ಮೀರಾ ಗೆಳತಿ ಕುಲ್ಸುಮ್‌ಳನ್ನು ಕರೆದುಕೊಂಡು ನೇರ ಅಧ್ಯಕ್ಷನ ಧಾನ್ಯದ ಅಡತಿ ಅಂಗಡಿಗೆ ನಡೆದಳು.

"ನೀವು ಅಳಸ್ರಿ, ನಾವು ಬರೀತೀವಿ. ಯಾರ ಕೈ ಮೊದಲ ಸೋಲ್ತದ ನೋಡೂಣು."

ಮಹಾರುದ್ರಪ್ಪ ತಕ್ಕಡಿಯಿಂದ ತಲೆ ಎತ್ತಿ ನಕ್ಕ. "ನಾ ಅಳಸೂದಾದ್ರ ಸಂಗಪ್ಪನ್ನ ಅಳಸ್ತಿದ್ದೆ. ಬಡಸಾಕಿ ಮ್ಯಾಲ ನನಗೇನವಾ ಸಿಟ್ಟು?"

ಸುಳ್ಳು ಎಂದುಕೊಂಡಳು ಮೀರಾ. ಸಂಜೆಯೊಳಗೆ ಹುಡುಗಿಯರೆಲ್ಲ ಸೇರಿ ಅವ್ವನನ್ನು ಮೊದಲಿಗಿಂತ ದೊಡ್ಡದಾಗಿ ಬರೆದರು.

ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಮೀರಾಳ ಸಿಟ್ಟು ಇಳಿದಿರಲಿಲ್ಲ. ಒಲೆಯ ಮುಂದಿನಿಂದ ಎದ್ದು ಬಂದು ಅವ್ವ ಬಿಸಿ ರೊಟ್ಟಿ ಹಾಕಿದಳು.

"ಅಳಸಿದವರಿಗಿ ಆ ಚಿತ್ರ ಸರಿ ಕಂಡಿರಲಿಕ್ಕಿಲ್ಲ ಬಿಡು."

"ಎಷ್ಟು ಚಂದ ಬರದೀವಿ ಯವ್ವಾ! ಥೇಟ್ ನಿನ್ನಂಗೇ. ಕೈಯಾಗ ಬಡಸೂ ಸವಟು ಸೈತ ಅದ."

"ಹೌದು," ಎಂದಳು ಕಸ್ತೂರಿಬಾಯಿ. "ಸವಟು ಸೈತ ಬರದೀರಿ." ಅಪ್ಪ ಪಲ್ಯ ಕೇಳಿದ. ಅವಳು ಒಳಗೆ ಹೋದಳು.

ಮರುದಿನ ನಸುಕಿನಲ್ಲೇ ಮೀರಾ ಮತ್ತು ಕುಲ್ಸುಮ್ ಶಾಲೆಗೆ ಓಡಿದರು. ಗೋಡೆಯ ಮುಂದೆ ಒಂದು ಆಕೃತಿ ಆಗಲೇ ಬಗ್ಗಿ ನಿಂತಿತ್ತು. ತಲೆ ತುಂಬ ಸೆರಗು, ಕಾಲ ಬಳಿ ನೀರಿನ ಕೊಡ. ಅಧ್ಯಕ್ಷ ಯಾರೋ ಕೂಲಿಯವಳನ್ನು ಕಳಿಸಿದ್ದಾನೆ! ಮೀರಾ ಒಂದೇ ಉಸಿರಿಗೆ ಹಾರಿ ಬಿಳಿಮಣ್ಣು ಬಳಿಯುತ್ತಿದ್ದ ಆ ಕೈ ಹಿಡಿದಳು. ಬಳೆ ಸದ್ದಾಯಿತು. ಸೆರಗು ಜಾರಿತು.

ಅವ್ವ.

"ಅಧ್ಯಕ್ಷರು ಹೆದರಿಸ್ಯಾರೇನು ನಿನಗ?" ಮೀರಾ ಕೇಳಿದಳು. "ಸಂಗಪ್ಪ ಕಾಕಾಗ ಬಡಸಬ್ಯಾಡ ಅಂದ್ರೇನು?"

"ನನಗ ಹೆದರಸಾಂವ ಅಂವ ಯಾಂವ?" ಕಸ್ತೂರಿಬಾಯಿ ಕೈ ಬಿಡಿಸಿಕೊಂಡಳು. ಮಣ್ಣು ಮೆತ್ತಿದ ಬೆರಳನ್ನು ಮುಚ್ಚಿಡಲಿಲ್ಲ. ಮಗಳ ಕಣ್ಣಲ್ಲಿ ಕಣ್ಣಿಟ್ಟು ನಿಂತಳು.

"ಊರಿಗಿ ಊರೇ ಕುಂಡ್ರಸೀರಿ ಮೀರಾ, ನಾ ಒಬ್ಬಾಕೀನೇ ಯಾಕ ನಿಂತೀನಿ?"